ಏನು ಕೊಟ್ಟರು ಎಂದು ಕೇಳುವ ಮೊದಲು

“ಏನಮ್ಮಾ ಕೊಟ್ರು ನಿಂಗೆ ಅಲ್ಲಿ?”

2022ರ ಒಂದು ಭಾನುವಾರ ಮಧ್ಯಾಹ್ನ, ಯಲಹಂಕ ಹಳೇ ಪಟ್ಟಣದ ನಮ್ಮ ಬಾಡಿಗೆ ಮನೆಯಲ್ಲಿ ಅಮ್ಮನನ್ನು ಹೀಗೆ ಕೇಳಿದ್ದೆ. ಎರಡು ಬೀದಿ ಆಚೆ, ಕಟ್ಟಡವೊಂದರ ಮೊದಲ ಮಹಡಿಯ ಮನೆಯಲ್ಲಿ ವಾರವಾರ ಪ್ರಾರ್ಥನೆ ನಡೆಯುತ್ತದೆ. ಹೊರಗೆ ಬೋರ್ಡಿಲ್ಲ, ಶಿಲುಬೆಯಿಲ್ಲ. ಮೆಟ್ಟಿಲ ಮೇಲೆ ಮೂವತ್ತು ನಲವತ್ತು ಜೊತೆ ಚಪ್ಪಲಿ ಮಾತ್ರ. ಅಮ್ಮ ಮೂರು ತಿಂಗಳಿಂದ ಅಲ್ಲಿಗೆ ಹೋಗುತ್ತಿದ್ದಾಳೆಂದು ನನಗೆ ತಿಳಿದದ್ದು ಪಕ್ಕದ ಮನೆಯವರಿಂದ. ಅವಳು ಸೊಪ್ಪು ಬಿಡಿಸುತ್ತಲೇ ಉತ್ತರಿಸಿದಳು: “ಕಾಫಿ ಕೊಟ್ರು ಕಣಪ್ಪ. ಕುರ್ಚಿ ಹಾಕಿ ಕೂರ್ಸಿದ್ರು.”

ನಾನು ನಕ್ಕೆ. ಕನ್ನಡ ಕಾದಂಬರಿಗಳಲ್ಲಿ ಜಾತಿ ಮತ್ತು ಧರ್ಮ ಎಂಬ ವಿಷಯದ ಮೇಲೆ ಪಿಎಚ್‌ಡಿ ಮಾಡುತ್ತಿರುವವನು ನಾನು. ಇಂಥ ಉತ್ತರವನ್ನು ಹೇಗೆ ಓದಬೇಕೆಂದು ನನಗೆ ಗೊತ್ತಿದೆ ಅಂದುಕೊಂಡಿದ್ದೆ. ಅಮ್ಮ ಏನನ್ನೋ ಮುಚ್ಚಿಡುತ್ತಿದ್ದಾಳೆ, ಇಲ್ಲವೇ ಅವಳಿಗೆ ಗೊತ್ತಿಲ್ಲದಂತೆ ಅವಳನ್ನು ಯಾರೋ ಬಳಸಿಕೊಳ್ಳುತ್ತಿದ್ದಾರೆ. ಮೂರನೆಯ ಸಾಧ್ಯತೆ, ಅಂದರೆ ಅವಳು ನಿಜವನ್ನೇ ಹೇಳುತ್ತಿದ್ದಾಳೆ ಎಂಬುದು, ನನಗೆ ಹೊಳೆಯಲೇ ಇಲ್ಲ.

ಈ ಪ್ರಶ್ನೆ ನನ್ನ ಸ್ವಂತದ್ದಲ್ಲ. ಆಗ ಅದು ಗಾಳಿಯಲ್ಲೇ ಇತ್ತು. 2021ರ ಸೆಪ್ಟೆಂಬರ್‌ನಲ್ಲಿ ಹೊಸದುರ್ಗದ ಆಗಿನ ಶಾಸಕ ಗೂಳಿಹಟ್ಟಿ ಶೇಖರ್ ವಿಧಾನಸಭೆಯಲ್ಲಿ ಎದ್ದು ನಿಂತು, ತಮ್ಮ ತಾಯಿಯನ್ನೇ ಮತಾಂತರ ಮಾಡಿದ್ದಾರೆಂದು ದೂರಿದರು. ಆ ವರ್ಷ ಚರ್ಚುಗಳ ಸಮೀಕ್ಷೆಯ ಮಾತು ಎದ್ದಿತು. ಡಿಸೆಂಬರ್‌ನಲ್ಲಿ ವಿಧಾನಸಭೆ ಮಸೂದೆಗೆ ಒಪ್ಪಿಗೆ ಕೊಟ್ಟಿತು. 2022ರ ಮೇ ತಿಂಗಳಲ್ಲಿ ಸುಗ್ರೀವಾಜ್ಞೆ ಬಂತು. ಸೆಪ್ಟೆಂಬರ್‌ನಲ್ಲಿ ವಿಧಾನ ಪರಿಷತ್ತೂ ಒಪ್ಪಿತು. ಕರ್ನಾಟಕ ಧಾರ್ಮಿಕ ಸ್ವಾತಂತ್ರ್ಯ ಹಕ್ಕು ಸಂರಕ್ಷಣಾ ಕಾಯ್ದೆ ಹುಟ್ಟಿದ್ದು ಹೀಗೆ. ಈ ಇಡೀ ಗದ್ದಲದಲ್ಲಿ ನನಗೆ ಈಗಲೂ ಕಾಡುವುದು ಒಂದೇ ಸಂಗತಿ: ಸದನದಲ್ಲಿ ಮಾತಾಡಿದ್ದು ಮಗ. ತಾಯಿ ಅಲ್ಲಿ ಬರೀ ವಿಷಯ. ನನ್ನ ಅಡುಗೆಮನೆಯಲ್ಲೂ ನಡೆದದ್ದು ಅದೇ.

ಆ ಕಾಯ್ದೆಯನ್ನು ಒಮ್ಮೆ ಓದಿ. ಉಡುಗೊರೆ, ಹಣ, ಕೆಲಸ, ಉಚಿತ ಶಿಕ್ಷಣ, ಮದುವೆಯ ಭರವಸೆ ಮಾತ್ರವಲ್ಲ, ಇನ್ನೂ ಒಳ್ಳೆಯ ಜೀವನಶೈಲಿಯ ಭರವಸೆ ಕೂಡ ಅದರ ಪ್ರಕಾರ ಆಮಿಷ. ಒಳ್ಳೆಯ ಬದುಕಿನ ಮಾತಾಡದ ಧರ್ಮ ಯಾವುದಾದರೂ ಇದ್ದರೆ ಯಾರಾದರೂ ತೋರಿಸಬೇಕು. ಸಾಮಾನ್ಯ ಪ್ರಕರಣದಲ್ಲಿ ಶಿಕ್ಷೆ 3ರಿಂದ 5 ವರ್ಷ ಜೈಲು. ಮತಾಂತರವಾದವರು ಅಪ್ರಾಪ್ತರು, ಬುದ್ಧಿ ಸ್ವಾಧೀನದಲ್ಲಿಲ್ಲದವರು, ಮಹಿಳೆಯರು, ಪರಿಶಿಷ್ಟ ಜಾತಿ ಅಥವಾ ಪಂಗಡದವರು ಆಗಿದ್ದರೆ 3ರಿಂದ 10 ವರ್ಷ. ನನ್ನ ಅಮ್ಮನನ್ನು ಮಕ್ಕಳ ಜೊತೆ, ಬುದ್ಧಿ ಸ್ವಾಧೀನದಲ್ಲಿಲ್ಲದವರ ಜೊತೆ ಒಂದೇ ಸಾಲಿನಲ್ಲಿ ನಿಲ್ಲಿಸಿದ ಕಾನೂನು ಇದು. ದೂರು ಕೊಡಲು ರಕ್ತಸಂಬಂಧಿ ಸಾಕು, ಸಹೋದ್ಯೋಗಿಯೂ ಸಾಕು. ಅಂದರೆ ನಾನೇ ಠಾಣೆಗೆ ಹೋಗಬಹುದಿತ್ತು. ನಾನು ಹೋಗಲಿಲ್ಲ, ನಿಜ. ಆದರೆ ಅಡುಗೆಮನೆಯಲ್ಲಿ ನಿಂತು ಠಾಣೆಯ ಪ್ರಶ್ನೆಯನ್ನೇ ಕೇಳಿದೆ.

2023ರ ಜೂನ್‌ನಲ್ಲಿ ಹೊಸ ಸರ್ಕಾರದ ಸಚಿವ ಸಂಪುಟ ಈ ಕಾಯ್ದೆಯನ್ನು ರದ್ದು ಮಾಡುವ ತೀರ್ಮಾನ ಮಾಡಿತು. ಕಾಯ್ದೆಯ ಹಣೆಬರಹ ಏನೇ ಆಗಲಿ, ಅದರ ಪ್ರಶ್ನೆ ನಮ್ಮ ಮನೆಗಳಲ್ಲಿ, ನಮ್ಮ ಸೆಮಿನಾರುಗಳಲ್ಲಿ ಗಟ್ಟಿಯಾಗಿ ಕೂತಿದೆ. ನನ್ನ ತಕರಾರು ಆ ಪ್ರಶ್ನೆಯ ಮೇಲೆ.

ಅಮ್ಮ ಇಪ್ಪತ್ತೆರಡು ವರ್ಷ ಪೀಣ್ಯದ ಕಡೆ ಗಾರ್ಮೆಂಟ್ಸ್‌ನಲ್ಲಿ ಟೈಲರ್ ಆಗಿದ್ದವಳು. ಆಗ ನಾವು ಯಶವಂತಪುರದಲ್ಲಿದ್ದೆವು. ‘ಮುಗ್ಧ ಹೆಂಗಸರು, ಬೇಗ ಮರುಳಾಗುತ್ತಾರೆ’ ಎಂದು ಯಾರಾದರೂ ಅಂದರೆ ನನಗೆ 2016ರ ಏಪ್ರಿಲ್ ನೆನಪಾಗುತ್ತದೆ. ಮಾಲೀಕರು ಕಟ್ಟಿದ ಪಿಎಫ್ ಪಾಲನ್ನು 58 ವರ್ಷ ತುಂಬುವವರೆಗೆ ತೆಗೆಯುವಂತಿಲ್ಲ ಎಂದು ಕೇಂದ್ರ ಸರ್ಕಾರ ನಿಯಮ ತಂದಿತ್ತು. ಬೆಂಗಳೂರಿನ ಗಾರ್ಮೆಂಟ್ಸ್ ಕೆಲಸಗಾರರು, ಅದರಲ್ಲೂ ಬಹುಪಾಲು ಹೆಂಗಸರು, ಏಪ್ರಿಲ್ 18 ಮತ್ತು 19ರಂದು ರಸ್ತೆಗೆ ಇಳಿದರು. ಯಾವ ದೊಡ್ಡ ನಾಯಕರೂ ಮುಂದೆ ಇರಲಿಲ್ಲ. ಎರಡನೇ ದಿನ ಸಂಜೆಯ ಹೊತ್ತಿಗೆ ಸರ್ಕಾರ ನಿಯಮವನ್ನು ಹಿಂದಕ್ಕೆ ಪಡೆಯಿತು. ತಮ್ಮ ದುಡ್ಡು ಎಲ್ಲಿ ಹೋಗುತ್ತಿದೆ ಎಂದು ಅರಿತು ದೆಹಲಿಯನ್ನೇ ಬಗ್ಗಿಸಿದ ಹೆಂಗಸರು ಭಾನುವಾರ ಬಂದೊಡನೆ ಬುದ್ಧಿ ಕಳೆದುಕೊಳ್ಳುತ್ತಾರೆಯೇ?

ಅಪ್ಪ ತೀರಿಕೊಂಡ ಮೇಲೆ ನಾವು ಯಲಹಂಕಕ್ಕೆ ಬಂದೆವು. ಆ ಬೀದಿಯಲ್ಲಿ ನಮ್ಮದು ಹೊಸ ಮನೆ. ಬಂದ ವರ್ಷ ವರಮಹಾಲಕ್ಷ್ಮಿ ಹಬ್ಬಕ್ಕೆ ಎದುರು ಮನೆಯವರು ಅಕ್ಕಪಕ್ಕದ ಎಲ್ಲ ಬಾಗಿಲಿಗೂ ಬಂದು ಕುಂಕುಮಕ್ಕೆ ಕರೆದರು. ನಮ್ಮ ಬಾಗಿಲಿಗೆ ಬರಲಿಲ್ಲ. ಅವರು ಕೆಟ್ಟವರಲ್ಲ, ಹಾಲು ಒಡೆದರೆ ಹಾಲು ಕೊಡುವವರು, ಅಮ್ಮನಿಗೆ ಜ್ವರ ಬಂದಾಗ ಗಂಜಿ ಕಳಿಸಿದವರು. ಆದರೂ ಕರೆಯಲಿಲ್ಲ, ಯಾಕೆಂದು ಅಮ್ಮನಿಗೂ ಗೊತ್ತು, ನನಗೂ ಗೊತ್ತು. ಅಮ್ಮ ಅವತ್ತು ಬಾಗಿಲು ಹಾಕಿಕೊಂಡು ಟಿವಿ ನೋಡಿದಳು. ನಾನು ನನ್ನ ಕೋಣೆಯಲ್ಲಿ ಕೂತು ಪಿತೃಪ್ರಧಾನತೆಯ ಬಗ್ಗೆ ಏನೋ ಓದುತ್ತಿದ್ದೆ. ಎದ್ದು ಹೋಗಿ ಪಕ್ಕದಲ್ಲಿ ಕೂರಲಿಲ್ಲ.

ಮೊದಲ ಮಹಡಿಯ ಆ ಮನೆಯಲ್ಲಿ ಅವಳನ್ನು ‘ಸಿಸ್ಟರ್’ ಎಂದು ಕರೆದು ಕುರ್ಚಿ ಹಾಕಿದರು. ಕಾಫಿ ಕೊಟ್ಟರು. ಎರಡನೇ ವಾರ ಹೆಸರು ಹಿಡಿದು ಕರೆದರು. ಮೂರನೇ ವಾರ ಹೋಗದಿದ್ದಾಗ ಸಂಜೆ ಇಬ್ಬರು ಹೆಂಗಸರು ಮನೆಗೆ ಬಂದು, “ಯಾಕಕ್ಕ ಬರ್ಲಿಲ್ಲ, ಮೈ ಹುಷಾರಿಲ್ವಾ?” ಅಂದರು. ಅಮ್ಮನ ‘ಕಾಫಿ, ಕುರ್ಚಿ’ ಎಂಬ ಎರಡು ಪದದಲ್ಲಿ ಇಷ್ಟೂ ಇತ್ತು. ಇದನ್ನು ಆಮಿಷ ಎನ್ನುವುದಾದರೆ ಅನ್ನಿ. ಆದರೆ ಈ ಆಮಿಷವನ್ನು ನಾವು ಯಾಕೆ ಒಡ್ಡಲಿಲ್ಲ ಎಂಬುದಕ್ಕೂ ಉತ್ತರ ಕೊಡಬೇಕಾಗುತ್ತದೆ.

ಆಮೇಲೆ ಒಂದು ಭಾನುವಾರ, ಜಗಳಕ್ಕೆ ಸಿದ್ಧನಾಗಿಯೇ, ನಾನೂ ಹೋದೆ. ಮಂಚವನ್ನು ಎತ್ತಿ ಗೋಡೆಗೆ ಒರಗಿಸಿದ್ದರು. ಹಾಲ್‌ನಲ್ಲಿ ವಯಸ್ಸಾದವರಿಗೆ ಪ್ಲಾಸ್ಟಿಕ್ ಕುರ್ಚಿ, ಉಳಿದವರಿಗೆ ಚಾಪೆ. ವಾರವಿಡೀ ಊಟ ಡೆಲಿವರಿ ಮಾಡುವ ಹುಡುಗ ಕೀಬೋರ್ಡ್ ನುಡಿಸುತ್ತಿದ್ದ. ಮೇಲಿನ ಮನೆಯವರಿಗೆ ಕೇಳಿಸಬಾರದೆಂದು ಕಿಟಕಿಗೆ ಕಂಬಳಿ. ರಾಯಚೂರಿನ ಕಡೆಯಿಂದ ಬಂದ ಸೆಕ್ಯುರಿಟಿ ಗಾರ್ಡ್, ಹಿಂದೂಪುರದ ತೆಲುಗು ದಂಪತಿ, ಇಬ್ಬರು ಪೌರಕಾರ್ಮಿಕರು, ನರ್ಸಿಂಗ್ ಓದುವ ಹುಡುಗಿಯರು. 2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ಶುರುವಾದ ಮೇಲೆ ಬಳ್ಳಾರಿ ರಸ್ತೆಯುದ್ದಕ್ಕೂ ಎದ್ದ ಬೆಂಗಳೂರನ್ನು ಕಟ್ಟಿದವರು, ಗುಡಿಸಿದವರು, ಕಾದವರು ಎಲ್ಲ ಆ ಹಾಲ್‌ನಲ್ಲಿದ್ದರು. ಈ ಊರು ಅವರನ್ನು ಹೆಸರು ಹಿಡಿದು ಕರೆಯುವುದಿಲ್ಲ. ಅಪಾರ್ಟ್‌ಮೆಂಟಿನಲ್ಲಿ ‘ಸೆಕ್ಯುರಿಟಿ’, ಬೀದಿಯಲ್ಲಿ ‘ಕಸದವರು’, ಫ್ಯಾಕ್ಟರಿಯಲ್ಲಿ ಗಂಟೆಗೆ ಇಷ್ಟು ಪೀಸ್.

ಪ್ರಾರ್ಥನೆಯ ನಡುವೆ ‘ಸಾಕ್ಷಿ’ ಹೇಳುವ ಹೊತ್ತು ಬಂತು. ಒಬ್ಬೊಬ್ಬರೇ ಎದ್ದು ಮಗಳ ಮದುವೆ, ಮನೆ ಅಡ್ವಾನ್ಸ್, ಗಂಡನ ಕುಡಿತ, ಮೈಕ್ರೋ ಫೈನಾನ್ಸ್ ಸಾಲ ಎಂದು ತಮ್ಮ ವಾರದ ಕಷ್ಟವನ್ನು ಎಲ್ಲರ ಮುಂದೆ ಹೇಳಿದರು. ಒಂದು ನೋಟ್‌ಬುಕ್ಕಿನಲ್ಲಿ ಅದನ್ನು ಬರೆದುಕೊಂಡರು. ನಂತರ ಎಲ್ಲರೂ ಒಟ್ಟಿಗೆ, ಗಟ್ಟಿಯಾಗಿ, ಅದಕ್ಕಾಗಿ ಪ್ರಾರ್ಥಿಸಿದರು. ದೇವರು ಕೇಳಿಸಿಕೊಂಡನೋ ಇಲ್ಲವೋ ನನಗೆ ಗೊತ್ತಿಲ್ಲ. ನಾನು ಆಗಲೂ ನಾಸ್ತಿಕ, ಈಗಲೂ ನಾಸ್ತಿಕ. ನಲವತ್ತು ಜನ ಕೇಳಿಸಿಕೊಂಡದ್ದನ್ನು ಕಂಡೆ.

ಅಷ್ಟರಲ್ಲಿ ಪಾಸ್ಟರ್ ಅಮ್ಮನನ್ನು ಕರೆದು ‘ವಾಕ್ಯ’ ಓದಲು ಹೇಳಿದರು. ಅಮ್ಮ ಓದಿದ್ದು ನಾಲ್ಕನೇ ಕ್ಲಾಸು. ಬಟ್ಟೆಯ ಸೈಜ್ ಲೇಬಲ್ಲು, ಬಸ್ಸಿನ ಬೋರ್ಡು, ರೇಷನ್ ಕಾರ್ಡು ಬಿಟ್ಟರೆ ಅವಳು ಏನನ್ನೂ ಓದಿದ್ದನ್ನು ನಾನು ನೋಡಿರಲಿಲ್ಲ. ಕನ್ನಡ ಬೈಬಲ್ ಕೈಗೆತ್ತಿಕೊಂಡು, ಬೆರಳಿಟ್ಟು, ತಡೆದು ತಡೆದು ಓದಿದಳು. ಒತ್ತಕ್ಷರ ಬಂದಲ್ಲಿ ನಿಂತಳು. ಯಾರೂ ನಗಲಿಲ್ಲ, ಯಾರೂ ಅವಸರ ಮಾಡಲಿಲ್ಲ. ನನಗೆ ನಾಚಿಕೆಯಾಯಿತು. ನಾನು ಕನ್ನಡದಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ. ಮನೆಯಲ್ಲಿ ನಾಲ್ಕು ಕಪಾಟು ಪುಸ್ತಕವಿದೆ. ಅಮ್ಮ ಅವುಗಳ ದೂಳು ಹೊಡೆದಿದ್ದಾಳೆ. ಅವುಗಳಲ್ಲಿ ಒಂದನ್ನೂ ‘ಓದಮ್ಮ, ನಾನು ಕೇಳ್ತೀನಿ’ ಎಂದು ಅವಳ ಕೈಗೆ ಕೊಟ್ಟವನಲ್ಲ ನಾನು.

ನಮ್ಮ ಪಠ್ಯಗಳಲ್ಲಿ ಕ್ರೈಸ್ತರು ಮತ್ತು ಕನ್ನಡ ಎಂದೊಡನೆ ಬರುವುದು ಬಾಸೆಲ್ ಮಿಷನ್, 1843ರ ‘ಮಂಗಳೂರ ಸಮಾಚಾರ’, 1894ರ ಕಿಟೆಲ್ ನಿಘಂಟು. ಆ ಕೆಲಸಕ್ಕೆ ನಾವು ಕೈಮುಗಿಯುತ್ತೇವೆ, ಪ್ರತಿಮೆ ನಿಲ್ಲಿಸುತ್ತೇವೆ, ಸೆಮಿನಾರು ಮಾಡುತ್ತೇವೆ. ಯಲಹಂಕದ ಹಾಲ್ ಒಂದರಲ್ಲಿ ಗಾರ್ಮೆಂಟ್ಸ್ ಹೆಂಗಸೊಬ್ಬಳು ಇವತ್ತು ಅದೇ ಪರಂಪರೆಯ ಒಂದು ಪುಸ್ತಕ ಹಿಡಿದು ಕನ್ನಡ ಓದಲು ಕಲಿಯುವುದು ಮಾತ್ರ ನಮಗೆ ಅನುಮಾನದ ಸಂಗತಿ. ಸತ್ತ ಮಿಷನರಿ ನಮಗೆ ವಿದ್ವಾಂಸ, ಬದುಕಿರುವ ಪಾಸ್ಟರ್ ಅಪರಾಧಿ.

‘ಹಾಗಾದರೆ ಮನೆಯೊಳಗೆ ಕದ್ದುಮುಚ್ಚಿ ಯಾಕೆ?’ ಎಂಬುದು ಮುಂದಿನ ಪ್ರಶ್ನೆ. ಮೊದಲನೆಯದಾಗಿ, ಈ ಧರ್ಮ ಹುಟ್ಟಿದ್ದೇ ಮನೆಗಳಲ್ಲಿ. ಪೌಲನ ಪತ್ರಗಳು ಇಂಥವರ ಮನೆಯಲ್ಲಿ ಕೂಡುವ ಸಭೆಗೆ ವಂದನೆ ಎಂದು ಹೆಸರು ಹೇಳಿ ಬರೆದಂಥವು. ಸಿರಿಯಾದ ದುರಾ ಯುರೋಪೋಸ್‌ನಲ್ಲಿ ಅಗೆದಾಗ ಸಿಕ್ಕ ಮೂರನೇ ಶತಮಾನದ ಚರ್ಚು ಪ್ರಾರ್ಥನೆಗೆ ಮಾರ್ಪಡಿಸಿದ ಸಾಧಾರಣ ಮನೆ. ನಮಗೂ ಇದು ಹೊಸದಲ್ಲ. ಶರಣರು ಕೂಡಿದ ಜಾಗಕ್ಕೆ ಮಹಾಮನೆ ಎಂದೇ ಹೆಸರು. ಊರುಗಳಲ್ಲಿ ತತ್ವಪದದ ಭಜನೆ ನಡೆಯುವುದು ಯಾರದೋ ಪಡಸಾಲೆಯಲ್ಲಿ. ಎರಡನೆಯದಾಗಿ, ಹೆಬ್ಬಾಳದಂಥ ಕಡೆ ದೊಡ್ಡ ಸಭಾಂಗಣ ಕಟ್ಟಿಕೊಂಡ ಪೆಂಟಕೋಸ್ಟ್ ಚರ್ಚುಗಳಿವೆ. ಗಾರ್ಡು ಮತ್ತು ಟೈಲರುಗಳ ಸಭೆಗೆ ಜಾಗ ಕೊಳ್ಳುವ ಶಕ್ತಿ ಎಲ್ಲಿಂದ ಬರಬೇಕು? ಆರ್.ಟಿ. ನಗರದಲ್ಲಿ ನಾನು ನೋಡಿದ ಒಂದೇ ಬಾಡಿಗೆ ಹಾಲ್‌ನಲ್ಲಿ ಬೆಳಗ್ಗೆ ತಮಿಳು, ಹನ್ನೊಂದಕ್ಕೆ ಕನ್ನಡ, ಸಂಜೆ ಹಿಂದಿ ಪ್ರಾರ್ಥನೆ ನಡೆಯುತ್ತದೆ. ಅದು ಪಿತೂರಿಯಲ್ಲ, ಬಾಡಿಗೆ ಹಂಚಿಕೊಳ್ಳುವ ಲೆಕ್ಕ.

ಮೂರನೆಯ ಕಾರಣವೇ ಮುಖ್ಯ. 1950ರ ರಾಷ್ಟ್ರಪತಿಗಳ ಆದೇಶದ ಪ್ರಕಾರ ಪರಿಶಿಷ್ಟ ಜಾತಿಯವರು ಹಿಂದೂಗಳೇ ಆಗಿರಬೇಕು. 1956ರಲ್ಲಿ ಸಿಖ್ಖರನ್ನು, 1990ರಲ್ಲಿ ಬೌದ್ಧರನ್ನು ಸೇರಿಸಿಕೊಂಡರು. ಕ್ರೈಸ್ತನಾದ ದಲಿತ ಆ ಪಟ್ಟಿಯಿಂದ ಹೊರಗೆ. 2024ರ ನವೆಂಬರ್‌ನಲ್ಲಿ ಪುದುಚೇರಿಯ ಮಹಿಳೆಯೊಬ್ಬರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಕ್ರೈಸ್ತ ನಂಬಿಕೆಯನ್ನು ಪಾಲಿಸುತ್ತ ಮೀಸಲಾತಿಗಾಗಿ ಮಾತ್ರ ಹಿಂದೂ ಎನ್ನುವುದನ್ನು ಒಪ್ಪಲಾಗದು ಎಂದಿತು. ಆದರೆ ಪೌರಕಾರ್ಮಿಕ ಪ್ರಾರ್ಥನೆ ಮುಗಿಸಿ ಮೆಟ್ಟಿಲಿಳಿದ ಮೇಲೂ ಅವನ ಜಾತಿ ಬೀದಿಯಲ್ಲಿ ಕಾದೇ ಇರುತ್ತದೆ. ಮಗಳ ಜಾತಿ ಪ್ರಮಾಣಪತ್ರ ಹೋದೀತೆಂದು ಅವನು ಬಾಯಿ ಬಿಡುವುದಿಲ್ಲ. ಸರ್ಕಾರವೇ ಅವನನ್ನು ಮುಚ್ಚಿಟ್ಟುಕೊಳ್ಳುವಂತೆ ಮಾಡುತ್ತದೆ, ಆಮೇಲೆ ಯಾಕೆ ಮುಚ್ಚಿಟ್ಟೆ ಎಂದು ಅದೇ ಕೇಳುತ್ತದೆ. ಜನಗಣತಿಯ ಪ್ರಕಾರ ರಾಜ್ಯದಲ್ಲಿ ಕ್ರೈಸ್ತರ ಪಾಲು 2001ರಲ್ಲಿ ಶೇ. 1.91 ಇದ್ದದ್ದು 2011ರಲ್ಲಿ ಶೇ. 1.87ಕ್ಕೆ ಇಳಿಯಿತು. ‘ಅದು ಸುಳ್ಳು ಲೆಕ್ಕ, ನಿಜವಾದ ಸಂಖ್ಯೆ ಮುಚ್ಚಿಟ್ಟಿದ್ದಾರೆ’ ಎನ್ನುವವರು, ಯಾಕೆ ಮುಚ್ಚಿಡಬೇಕಾಯಿತು ಎಂಬುದನ್ನೂ ಹೇಳಲಿ.

ಭಯಕ್ಕೂ ಕಾರಣವಿದೆ. 2021ರ ಜನವರಿಯಿಂದ ನವೆಂಬರ್‌ವರೆಗೆ ರಾಜ್ಯದಲ್ಲಿ ಕ್ರೈಸ್ತರ ಮೇಲೆ ನಡೆದ 39 ದಾಳಿಗಳನ್ನು ಪಿಯುಸಿಎಲ್ ವರದಿ ದಾಖಲಿಸಿತು. ಆ ಅಕ್ಟೋಬರ್‌ನಲ್ಲಿ ಹುಬ್ಬಳ್ಳಿಯ ಭೈರಿದೇವರಕೊಪ್ಪದ ಪ್ರಾರ್ಥನಾ ಸ್ಥಳವೊಂದಕ್ಕೆ ನುಗ್ಗಿದವರು ಅಲ್ಲೇ ಕೂತು ಭಜನೆ ಮಾಡಿದರು. ಭಜನೆಯನ್ನು ಹೀಗೆ ಬಳಸಿದ್ದನ್ನು ಕಂಡು ನೋಯಬೇಕಾದವರು ಭಜನೆಯನ್ನು ಪ್ರೀತಿಸುವವರೇ. ಕಿಟಕಿಯ ಕಂಬಳಿ ಸುಮ್ಮನೆ ಬಂದದ್ದಲ್ಲ.

ಇಷ್ಟು ಹೇಳಿದರೆ ನನ್ನ ವಿಶ್ವವಿದ್ಯಾಲಯದ ಗೆಳೆಯರು ತಲೆದೂಗುತ್ತಾರೆ. ಅವರ ಜೊತೆಗೂ ನನಗೆ ಜಗಳವಿದೆ. ‘ಪಾಪ, ಬಡತನ, ಬಂಡವಾಳಶಾಹಿ ನಗರದಲ್ಲಿ ಇನ್ನೇನು ಮಾಡುತ್ತಾರೆ’ ಅನ್ನುತ್ತಾರೆ. ಒಬ್ಬರು ಅಮ್ಮನನ್ನು ಮೋಸಹೋದವಳು ಅನ್ನುತ್ತಾರೆ, ಇನ್ನೊಬ್ಬರು ಗತಿಯಿಲ್ಲದವಳು ಅನ್ನುತ್ತಾರೆ. ಅವಳು ಯೋಚಿಸಿ ಆರಿಸಿಕೊಂಡಿರಬಹುದು ಎಂದು ಇಬ್ಬರೂ ಒಪ್ಪುವುದಿಲ್ಲ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಅಂಬೇಡ್ಕರ್ ಜೊತೆ ಬೌದ್ಧರಾದ ಲಕ್ಷಾಂತರ ಜನರನ್ನು ‘ಏನು ಕೊಟ್ಟರು’ ಎಂದು ನಾವು ಕೇಳುವುದಿಲ್ಲ. ಅವರದು ವಿಚಾರ, ಅಮ್ಮನದು ಹೊಟ್ಟೆಪಾಡು. ಈ ವ್ಯತ್ಯಾಸವನ್ನು ಮಾಡಿದವರು ಯಾರು?

ನನ್ನ ಸಂಶೋಧನೆಯ ಕೇಂದ್ರದಲ್ಲಿರುವ ಶಿವರಾಮ ಕಾರಂತರ ‘ಚೋಮನ ದುಡಿ’ 1933ರದು. ಉಳಲು ತುಂಡು ಭೂಮಿ ಬೇಕೆಂಬ ಆಸೆಯಲ್ಲಿ ಚೋಮ ಕ್ರೈಸ್ತನಾಗಲು ಹೊರಡುತ್ತಾನೆ. ತನ್ನ ದೈವ ಪಂಜುರ್ಲಿ ಅವನನ್ನು ತಡೆಯುತ್ತದೆ, ಹಿಂದಿರುಗುತ್ತಾನೆ. ಹಿಂದಿರುಗಿದ ಚೋಮನನ್ನು ಕಂಡು ಮರುಗುವುದನ್ನು ನಾವು ತರಗತಿಗಳಲ್ಲಿ ಕಲಿತಿದ್ದೇವೆ. ಆದರೆ ಅವನಿಗೆ ಭೂಮಿಯನ್ನು ನಿರಾಕರಿಸಿದವರು ಪಾದ್ರಿಗಳಲ್ಲ. ಕೊಡಬೇಕಾದವರು ಕೊಡದೇ ಇದ್ದುದನ್ನು ಬೇರೊಬ್ಬ ಕೊಟ್ಟಾಗ ಮಾತ್ರ ಅದಕ್ಕೆ ಆಮಿಷ ಎಂಬ ಹೆಸರು ಬರುತ್ತದೆ. ಇದನ್ನು ಆ ಕಾದಂಬರಿಯಿಂದ ಕಲಿಯದೆ ಅದರ ಮೇಲೆ ಮುನ್ನೂರು ಪುಟ ಬರೆಯಲು ಹೊರಟವನು ನಾನು.

ಹಾಗೆಂದು ಮೊದಲ ಮಹಡಿಯ ಆ ಮನೆ ಸ್ವರ್ಗವಲ್ಲ. ಅಲ್ಲಿಗೆ ಹೋಗತೊಡಗಿದ ಆರನೇ ತಿಂಗಳು ಅಮ್ಮ ಬಿಪಿ ಮಾತ್ರೆ ನಿಲ್ಲಿಸಿದಳು. “ಯೇಸಪ್ಪ ವಾಸಿ ಮಾಡವ್ನೆ” ಅಂದಳು. ಎರಡು ವಾರ ಕಳೆದ ಮೇಲೆ ತಲೆಸುತ್ತಿ ಬಿದ್ದಾಗಲೇ ನನಗೆ ಗೊತ್ತಾದದ್ದು. ನಾನು ಪಾಸ್ಟರ್ ಮನೆಗೆ ಹೋಗಿ ಕೂಗಾಡಿದೆ. ಅವರು ಒಂದು ಕಾಲದಲ್ಲಿ ಪೇಂಟಿಂಗ್ ಕೆಲಸ ಮಾಡುತ್ತಿದ್ದವರು. ಒಳಗೆ ಹೋಗಿ ತಮ್ಮ ಸಕ್ಕರೆ ಕಾಯಿಲೆಯ ಮಾತ್ರೆ ಡಬ್ಬಿ ತಂದು ತೋರಿಸಿ, “ನಾನೇ ತಗೋತೀನಿ ಸಾರ್, ಬಿಡಬೇಡಿ ಅಂತ ನಾನೇ ಹೇಳ್ತೀನಿ ಅಮ್ಮಂಗೆ” ಅಂದರು. ಹೇಳಿದರು ಕೂಡ. ಆದರೆ ನಂಬಿಕೆಯಿದ್ದರೆ ಡಾಕ್ಟರ್ ಬೇಡ ಎಂಬ ಅರ್ಥ ಬರುವ ಸಾಕ್ಷಿಗಳನ್ನು ವಾರವಾರ ಮೈಕಿನಲ್ಲಿ ಹೇಳಿಸುವುದು ಅವರೇ. ಇದು ತಪ್ಪು. ಪ್ರಾಣ ತೆಗೆಯಬಲ್ಲ ತಪ್ಪು. ದಶಮಾಂಶದ ದುಡ್ಡಿಗೆ ಲೆಕ್ಕ ಯಾರೂ ಕೇಳುವುದಿಲ್ಲ. ಎಲ್ಲರೂ ಬ್ರದರ್, ಸಿಸ್ಟರ್ ಆದ ಮೇಲೂ ಹೆಣ್ಣು ಗಂಡು ನೋಡುವಾಗ ‘ಅವರು ಯಾವ ಕಡೆಯೋರು’ ಎಂಬ ಪ್ರಶ್ನೆ ಮೆಲ್ಲಗೆ ಬರುತ್ತದೆ. ನಮ್ಮೂರು ಗೌರಿಬಿದನೂರಿನ ಕಡೆ. ಮಾರಮ್ಮನ ಜಾತ್ರೆಗೆ ಅಮ್ಮ ಬರುವುದಿಲ್ಲ ಅಂದಾಗ ಅಜ್ಜಿ ಅತ್ತಳು. ಅಜ್ಜಿಯ ದೇವರನ್ನು ದೆವ್ವ ಎಂದು ಕರೆಯುವ ಪ್ರಸಂಗವನ್ನು ನಾನು ಕ್ಷಮಿಸಲಾರೆ.

ಆದರೆ ಈ ತಕರಾರುಗಳನ್ನು ನಾನು ಪಾಸ್ಟರ್ ಎದುರು ಕೂತು ಹೇಳಬಲ್ಲೆ, ಅಮ್ಮನ ಜೊತೆ ಜಗಳವಾಡಿ ಹೇಳಬಲ್ಲೆ. ಜಗಳ ಸಾಧ್ಯವಾಗುವುದು ಎದುರಿಗಿರುವವರಿಗೆ ಬುದ್ಧಿಯಿದೆ ಎಂದು ಒಪ್ಪಿದಾಗ ಮಾತ್ರ. ಯಾರಾದರೂ ದುಡ್ಡಿಗಾಗಿ ಮೋಸ ಮಾಡಿದರೆ, ರೋಗಿಯ ಜೀವದ ಜೊತೆ ಆಟವಾಡಿದರೆ, ಅದಕ್ಕೆ ಎಲ್ಲ ಧರ್ಮದವರಿಗೂ ಒಂದೇ ಆದ ಕಾನೂನುಗಳಿವೆ. ನಂಬಿಕೆ ಬದಲಿಸುವ ಹೆಂಗಸಿನ ಬುದ್ಧಿಯನ್ನೇ ಅನುಮಾನಿಸುವ ಕಾನೂನು ಅದಕ್ಕೆ ಬೇಕಿಲ್ಲ. ಮನೆ ಚರ್ಚುಗಳು ಬೆಳೆಯುತ್ತಿವೆ ಎಂದು ನಿಜಕ್ಕೂ ಕಳವಳವಿರುವವರಿಗೆ ಒಂದು ಸುಲಭದ ದಾರಿಯಿದೆ. ಮುಂದಿನ ಹಬ್ಬಕ್ಕೆ ಎದುರು ಮನೆಯ ವಿಧವೆಯ ಬಾಗಿಲು ತಟ್ಟಿ. ಗೇಟಿನ ಗಾರ್ಡಿನ ಹೆಸರು ಕೇಳಿ. ಕಸ ಒಯ್ಯುವವರಿಗೆ ಬೇರೆ ಲೋಟವಲ್ಲ, ಅದೇ ಲೋಟದಲ್ಲಿ ಕಾಫಿ ಕೊಡಿ, ಕುರ್ಚಿ ಹಾಕಿ. ಇಷ್ಟು ಮಾಡಿದ ಮೇಲೂ ಅವರು ಪ್ರಾರ್ಥನೆಗೆ ಹೋದರೆ, ಹೋಗಲಿ ಬಿಡಿ. ಅದು ಅವರ ದೇವರ ವಿಷಯ.

ಅಮ್ಮ ದೀಕ್ಷಾಸ್ನಾನ ತೆಗೆದುಕೊಂಡಳೇ ಎಂದು ಗೆಳೆಯರು ಕೇಳುತ್ತಾರೆ. ನಾನು ಹೇಳುವುದಿಲ್ಲ. 30 ದಿನ ಮೊದಲು ಜಿಲ್ಲಾಧಿಕಾರಿಗೆ ತಿಳಿಸಬೇಕೆಂದು ಆ ಕಾಯ್ದೆ ಹೇಳಿತ್ತು. ಮಗನಿಗೂ ತಿಳಿಸಬೇಕಾದ ವಿಷಯ ಅದಲ್ಲ ಎಂದು ನನಗೀಗ ಅನ್ನಿಸುತ್ತದೆ. ಬಿಪಿ ಮಾತ್ರೆ ತಪ್ಪಿಸುವುದಿಲ್ಲ, ಅಷ್ಟನ್ನು ನಾನು ದಿನಾ ನೋಡುತ್ತೇನೆ. ಭಾನುವಾರ ಅವಳು ಮೆಟ್ಟಿಲು ಹತ್ತಿ ಬಂದೊಡನೆ ಈಗ ನಾನು ಕೇಳುವುದು ಬೇರೆ.

“ಏನ್ ಓದಿದ್ಯಮ್ಮಾ ಇವತ್ತು?”

ಅವಳು ಚೀಲದಿಂದ ಪುಸ್ತಕ ತೆಗೆಯುತ್ತಾಳೆ. ಒತ್ತಕ್ಷರದಲ್ಲಿ ಇನ್ನೂ ತಡೆಯುತ್ತಾಳೆ. ನಾನು ಕಾಫಿಗೆ ಇಡುತ್ತೇನೆ.